ಮೂಳೆಯೊಳಗಿನ ಸೀಸ: ಒಂದು ತಿದ್ದುಪಡಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ಭೌಗೋಳಿಕ ಅನ್ವೇಷಣೆಗಳ ಪಾಠ ಬಂದಾಗಲೆಲ್ಲ ನಾನು ಸರ್ ಜಾನ್ ಫ್ರಾಂಕ್ಲಿನ್ನನ ಕಥೆ ಹೇಳಿ, "ಆ ನಾವಿಕರ ಪ್ರಾಣ ತೆಗೆದದ್ದು ತಗಡಿನ ಡಬ್ಬಿಯ ಸೀಸ" ಎಂದು ಮುಗಿಸುತ್ತಿದ್ದೆ. ಆ ಕೊನೆಯ ಮಾತನ್ನು ಈಗ ತಿದ್ದಬೇಕಾಗಿದೆ.

1845ರ ಮೇ ತಿಂಗಳಲ್ಲಿ 'ಎರೆಬಸ್' ಮತ್ತು 'ಟೆರರ್' ಎಂಬ ಎರಡು ಹಡಗುಗಳು ಇಂಗ್ಲೆಂಡಿನಿಂದ ಹೊರಟವು. ಕೆನಡಾದ ಉತ್ತರದ ಹಿಮಸಮುದ್ರದಲ್ಲಿ ಪೆಸಿಫಿಕ್ ಸಾಗರಕ್ಕೆ ದಾರಿ ಹುಡುಕುವುದು ಅವುಗಳ ಉದ್ದೇಶ. ಆರ್ಕ್ಟಿಕ್ ಪ್ರದೇಶವನ್ನು ಹೊಕ್ಕ 129 ಮಂದಿಯಲ್ಲಿ ಒಬ್ಬನೂ ಮರಳಲಿಲ್ಲ. 1848ರ ಏಪ್ರಿಲ್‌ನಲ್ಲಿ, ಹೆಪ್ಪುಗಟ್ಟಿದ ಕಡಲಲ್ಲಿ ಸಿಕ್ಕಿಬಿದ್ದ ಹಡಗುಗಳನ್ನು ತೊರೆದು 105 ಮಂದಿ ಕಿಂಗ್ ವಿಲಿಯಂ ದ್ವೀಪಕ್ಕೆ ಇಳಿದರೆಂಬುದು ಅವರೇ ಬರೆದಿಟ್ಟ ಚೀಟಿಯಿಂದ ತಿಳಿದುಬಂದಿತು. ಆಮೇಲಿನ ಕಥೆಯನ್ನು ಮೂಳೆಗಳೇ ಹೇಳಬೇಕಾಯಿತು.

1981ರಲ್ಲಿ ಓವೆನ್ ಬೀಟಿ ಎಂಬ ಮಾನವಶಾಸ್ತ್ರಜ್ಞ ಆ ದ್ವೀಪದಲ್ಲಿ ಸಂಗ್ರಹಿಸಿದ ಮೂಳೆಗಳಲ್ಲಿ ಸೀಸದ ಪ್ರಮಾಣ ಬಹಳ ಹೆಚ್ಚಾಗಿತ್ತು. 1984 ಮತ್ತು 1986ರಲ್ಲಿ ಆತ ಬೀಚಿ ದ್ವೀಪದ ಮೂರು ಗೋರಿಗಳನ್ನು ತೆರೆಸಿದ. 1846ರಲ್ಲಿ ಹೂಳಿದ ದೇಹಗಳು ಹಿಮದಲ್ಲಿ ಕೆಡದೆ ಉಳಿದಿದ್ದವು, ಅವುಗಳಲ್ಲಿಯೂ ಸೀಸವಿತ್ತು. ಆಹಾರದ ಡಬ್ಬಿಗಳನ್ನು ಸೀಸದ ಬೆಸುಗೆಯಿಂದ ಮುಚ್ಚಿದ್ದರು. ಅಪರಾಧಿ ಸಿಕ್ಕನೆಂದು ಲೋಕವೂ ನಂಬಿತು, ನಾನೂ ನಂಬಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸೀಸವು ಕ್ಯಾಲ್ಸಿಯಂನಂತೆ ವರ್ತಿಸುವುದರಿಂದ ದೇಹವು ಅದನ್ನು ಮೂಳೆಯಲ್ಲಿ ಸೇರಿಸಿಬಿಡುತ್ತದೆ. ರಕ್ತದಲ್ಲಿನ ಸೀಸ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಮೂಳೆಯಲ್ಲಿನದು ದಶಕಗಳ ಕಾಲ ನಿಲ್ಲುತ್ತದೆ. ಎಂದರೆ ಮೂಳೆಯು ಇಡೀ ಜೀವಮಾನದ ಜಮಾಖರ್ಚಿನ ಪುಸ್ತಕ. ಆ ಕಾಲದ ಬ್ರಿಟನ್ನಿನಲ್ಲಿ ನೀರಿನ ಕೊಳವೆ, ಬಣ್ಣ, ಮಡಕೆಗಳ ಹೊಳಪು ಎಲ್ಲದರಲ್ಲಿಯೂ ಸೀಸವಿತ್ತು. ಒಟ್ಟು ಮೊತ್ತ ಕಂಡ ಮಾತ್ರಕ್ಕೆ ಅದು ಯಾವಾಗ ಜಮೆಯಾಯಿತೆಂದು ಹೇಳಲಾಗದು.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಡಬ್ಬಿಯೇ ಕಾರಣವಾಗಿದ್ದರೆ, ಮೊದಲು ಸತ್ತವರಿಗಿಂತ ಹೆಚ್ಚು ಕಾಲ ಬದುಕಿದವರ ಮೂಳೆಯಲ್ಲಿ ಸೀಸ ಹೆಚ್ಚಿರಬೇಕಿತ್ತು. ಆಂಟಿಗುವಾದಲ್ಲಿ ಹೂಳಲ್ಪಟ್ಟ ಅದೇ ನೌಕಾಪಡೆಯವರಿಗಿಂತಲೂ ಹೆಚ್ಚಿರಬೇಕಿತ್ತು. ಫಲಿತಾಂಶ ಅದನ್ನು ಸಮರ್ಥಿಸಲಿಲ್ಲ. ಅದಕ್ಕೂ ಮೊದಲು, ಜಾನ್ ಹಾರ್ಟ್‌ನೆಲ್ ಎಂಬ ನಾವಿಕನ ಉಗುರನ್ನು ಪರೀಕ್ಷಿಸಿದವರಿಗೆ ಸತುವಿನ ತೀವ್ರ ಕೊರತೆ ಕಂಡಿತ್ತು. ಸೀಸ ಏರಿದ್ದು ಅವನ ಕೊನೆಯ ವಾರಗಳಲ್ಲಿ ಮಾತ್ರ. ಹಸಿವು, ರೋಗ, ಚಳಿ ಇವೆಲ್ಲ ಸೇರಿಯೇ ಅವರನ್ನು ಮುಗಿಸಿರಬೇಕು.

ಮೂಳೆಗಳು ಇನ್ನೊಂದು ಸಾಕ್ಷ್ಯವನ್ನೂ ನುಡಿದವು. ಹಸಿದ ನಾವಿಕರು ಸತ್ತ ಸಂಗಡಿಗರ ಮಾಂಸವನ್ನು ತಿಂದರೆಂದು ಅಲ್ಲಿಯ ಇನ್ಯುಯಿಟ್ ಜನರು ಜಾನ್ ರೇ ಎಂಬಾತನಿಗೆ ತಿಳಿಸಿದ್ದರು. 1854ರಲ್ಲಿ ಆತ ಅದನ್ನು ವರದಿ ಮಾಡಿದಾಗ ಇಂಗ್ಲೆಂಡ್ ಸಿಡಿಮಿಡಿಗೊಂಡಿತು. ಚಾರ್ಲ್ಸ್ ಡಿಕೆನ್ಸನು ತನ್ನ ಪತ್ರಿಕೆಯಲ್ಲಿ 'ಅನಾಗರಿಕರ' ಮಾತನ್ನು ನಂಬಲಾಗದೆಂದು ಬರೆದ. ಮುಂದೆ ಸಿಕ್ಕ ಅನೇಕ ಮೂಳೆಗಳ ಮೇಲೆ ಚಾಕುವಿನ ಗೀರುಗಳಿದ್ದವು. ಅಂತಹ ಗೀರುಗಳಿದ್ದ ಒಂದು ದವಡೆಯ ಮೂಳೆ ಎರೆಬಸ್ಸಿನ ಕ್ಯಾಪ್ಟನ್ ಜೇಮ್ಸ್ ಫಿಟ್ಸ್‌ಜೇಮ್ಸ್‌ನದೆಂದು 2024ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸಿದ್ಧವಾಯಿತು. ಕಂಡವರು ನುಡಿದ ಸತ್ಯವನ್ನು ಒಪ್ಪಿಕೊಳ್ಳಲು ನೂರಕ್ಕೂ ಹೆಚ್ಚು ವರ್ಷಗಳು ಬೇಕಾದವು.

ಸೀಸದ ಕಥೆಯನ್ನು ನಾನು ಅಷ್ಟು ಬೇಗ ನಂಬಿದ್ದೇಕೆಂದು ಯೋಚಿಸಿದ್ದೇನೆ. ಅದು ಅಚ್ಚುಕಟ್ಟಾಗಿತ್ತು, ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಮುಗಿಯುತ್ತಿತ್ತು. ಈಗ ನಿಮ್ಮಲ್ಲಿ ಅನೇಕರು ತಂದೆ-ತಾಯಿಗಳಾಗಿದ್ದೀರಿ, ಕೆಲವರು ಅಧ್ಯಾಪಕರೂ ಆಗಿದ್ದೀರಿ. ಮಕ್ಕಳಿಗೆ ಈ ಕಥೆಯನ್ನು ಅವಶ್ಯವಾಗಿ ಹೇಳಿ. ನಾನು ಹೇಳುತ್ತಿದ್ದ ಕೊನೆಯ ವಾಕ್ಯವನ್ನು ಮಾತ್ರ ಬಿಟ್ಟುಬಿಡಿ.