ಒಂದೇ ಶಾಸನ, ಎರಡು ವರ್ಷ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯನ ಶಾಸನವೊಂದಿದೆ. ಪಟ್ಟಾಭಿಷೇಕದ ಉತ್ಸವ ಕಾಲದಲ್ಲಿ ಅರಸನು ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದ ಸಂಗತಿ ಅದರಲ್ಲಿದೆ. ಕಾಲ ನಮೂದಾಗಿರುವುದು ಹೀಗೆ: ಶಕ ವರ್ಷ 1430 ಕಳೆದು, ಶುಕ್ಲ ಸಂವತ್ಸರದ ಮಾಘ ಶುದ್ಧ ಚತುರ್ದಶಿ. ತೊಡಕಿರುವುದು ಇಲ್ಲಿಯೇ. ಶಕ ವರ್ಷಕ್ಕೆ 78 ಕೂಡಿಸಿದರೆ 1508; ಮಾಘ ಮಾಸ ಮುಂದಿನ ಇಸವಿಗೆ ಬೀಳುವುದರಿಂದ ಅದು 1509ರ ಆರಂಭ. ಆದರೆ ಶುಕ್ಲ ಸಂವತ್ಸರ ಹುಟ್ಟಿದ್ದೇ 1509ರ ಯುಗಾದಿಗೆ. ಅದರ ಮಾಘ ಬರುವುದು 1510ರಲ್ಲಿ!

ಈ ಒಂದು ವರ್ಷದ ವ್ಯತ್ಯಾಸ ಇಂದಿಗೂ ನಮಗೆ ಕಾಣುತ್ತಿರುವುದು ಸಂಪಾದಕರ ಶಿಸ್ತಿನಿಂದ. 1892ರ 'ಎಪಿಗ್ರಾಫಿಯಾ ಇಂಡಿಕಾ' ಮೊದಲ ಸಂಪುಟದಲ್ಲಿ ಇದನ್ನು ಸಂಪಾದಿಸಿದ ಹುಲ್ಟ್ಜ್ ಅವರು ಕಲ್ಲಿನ ಪಾಠವನ್ನು ಇದ್ದಂತೆಯೇ ಅಚ್ಚು ಮಾಡಿಸಿದರು. ಹಾಗಾಗಿ 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ ವಿಜಯನಗರ ಇತಿಹಾಸದಲ್ಲಿ ಈ ಗೊಂದಲವನ್ನು ಎತ್ತಿ ತೋರಿಸಬಹುದಾಯಿತು. 'ಕ್ರಿ.ಶ. 1509' ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರೆ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ.

ಸಂಶೋಧಕರು ಕಲೆಹಾಕಿದ ಮೂಲ ಮಾಹಿತಿ ಎಲ್ಲರಿಗೂ ಮುಕ್ತವಾಗಿರಬೇಕು ಎಂಬ ಮಾತು ಈಗ ಜಗತ್ತಿನೆಲ್ಲೆಡೆ ಕೇಳಿಬರುತ್ತಿದೆ. 2016ರಲ್ಲಿ ವಿಜ್ಞಾನಿಗಳ ತಂಡವೊಂದು ಇದಕ್ಕೆ ನಾಲ್ಕು ಸೂತ್ರ ಕೊಟ್ಟಿತು. ಮಾಹಿತಿ ಹುಡುಕಿದರೆ ಸಿಗಬೇಕು, ಕೈಗೆಟುಕಬೇಕು, ಬೇರೆಯವರ ಮಾಹಿತಿಯೊಡನೆ ಹೊಂದಿಕೊಳ್ಳಬೇಕು, ಮತ್ತೆ ಬಳಕೆಗೆ ಒದಗಬೇಕು. ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ಇದಕ್ಕೆ 'ಫೇರ್' ಎಂದು ಹೆಸರು. ಸೂತ್ರ ಹೊಸದು, ಆದರೆ ಸಮಸ್ಯೆ ಹಂಪಿಗೆ ಹಳೆಯದು.

1980ರ ದಶಕದ ಆರಂಭದಲ್ಲಿ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಇಲ್ಲಿ ಅಳತೆ ಕೆಲಸಕ್ಕೆ ಇಳಿದಾಗ ಎದುರಾದದ್ದು ಹೆಸರಿಲ್ಲದ ನೂರಾರು ಮಂಟಪ, ಗೋಡೆ, ಅಡಿಪಾಯಗಳು. ಹೆಸರಿದ್ದವುಗಳ ಕಥೆಯೂ ಅಷ್ಟಕ್ಕಷ್ಟೇ. 'ರಾಣಿಯರ ಸ್ನಾನಗೃಹ', 'ಕಮಲ ಮಹಲ್' ಎಂಬುವೆಲ್ಲ ಮುಂದೆ ಯಾರೋ ಊಹಿಸಿ ಇಟ್ಟ ಹೆಸರುಗಳು. ಹಾಗಾಗಿ ಇಡೀ ನೆಲೆಯನ್ನು ಚೌಕಗಳಾಗಿ ವಿಂಗಡಿಸಿ, ಚೌಕಕ್ಕೆ ಅಕ್ಷರ, ಕಟ್ಟಡಕ್ಕೆ ಸಂಖ್ಯೆ ಕೊಟ್ಟರು. ಸಂಖ್ಯೆ ಯಾವ ರಾಣಿಯ ಕಥೆಯನ್ನೂ ಹೇಳುವುದಿಲ್ಲ. ಅದೇ ಅದರ ಗುಣ. ನಾಳೆ ಯಾರಾದರೂ ಬಂದು ಅದು ಸ್ನಾನಗೃಹವಲ್ಲ ಎಂದು ಸಾಧಿಸಿದರೂ ಸಂಖ್ಯೆ ಬದಲಾಗಬೇಕಿಲ್ಲ.

1987ರಿಂದ ಹತ್ತು ವರ್ಷ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ರಾಜಧಾನಿಯ ಸುತ್ತಲಿನ ಹೊಲ, ಗುಡ್ಡಗಳಲ್ಲಿ ನಡೆದು ಕೆರೆ, ಕಾಲುವೆ, ಕೋಟೆ, ಗುಡಿ ಎಂದು 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು. ಆ ಸರ್ವೇಕ್ಷಣೆಯ ಮೊದಲ ಸಂಪುಟ ಹೊರಬಂದದ್ದು 2007ರಲ್ಲಿ. ಇಪ್ಪತ್ತು ವರ್ಷ! ಅವರನ್ನು ದೂರುವಂತಿಲ್ಲ, ಪುರಾತತ್ವದ ನಡಿಗೆಯೇ ಅಂಥದ್ದು. ಆದರೆ ಈ ನಡುವೆ ಹೊಲ ಸಮ ಮಾಡುವವರು, ಬಂಡೆ ಒಡೆಯುವವರು ಪುಸ್ತಕ ಬರಲಿ ಎಂದು ಕಾಯುವುದಿಲ್ಲ. ನೆಲದ ಮೇಲಿನ ಕುರುಹು ಅಳಿದ ಮೇಲೆ ಉಳಿಯುವುದು ಟಿಪ್ಪಣಿ ಪುಸ್ತಕವೊಂದೇ. ಅದು ದೂರದ ವಿಶ್ವವಿದ್ಯಾಲಯದ ಕಪಾಟಿನಲ್ಲಿದ್ದರೆ ಹೊಸಪೇಟೆಯ ವಿದ್ಯಾರ್ಥಿಗೆ ಇದ್ದೂ ಇಲ್ಲದಂತೆ.

ಹುಡುಕಲು ಹೊರಟವರಿಗೂ ದಾರಿ ಸಲೀಸಲ್ಲ. ಕಂಪ್ಲಿಯ ಶಾಸನ ಬೇಕೆಂದು ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ತಿರುವಿದರೆ ಸಿಗುವುದಿಲ್ಲ, ಏಕೆಂದರೆ ರೈಸ್ ಹುಡುಕಿದ್ದು ಮೈಸೂರು ಸೀಮೆ ಮತ್ತು ಕೊಡಗನ್ನು. ಬಳ್ಳಾರಿ 1953ರವರೆಗೆ ಮದರಾಸಿನ ಪಾಲಾಗಿತ್ತು. ಅಲ್ಲಿಯ ಶಾಸನಗಳಿಗೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ನೋಡಬೇಕು. ಅದರ 9ನೇ ಸಂಪುಟ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೇ ಮೀಸಲು. ಸಂಡೂರಂತೂ 1949ರವರೆಗೆ ಪ್ರತ್ಯೇಕ ಸಂಸ್ಥಾನ. ಇದು ಸಾಲದೆಂಬಂತೆ 2014ರಲ್ಲಿ ಇಂಗ್ಲಿಷಿನ 'ಹಾಸ್ಪೆಟ್' ಹೊಸಪೇಟೆಯಾಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಬೇರ್ಪಟ್ಟಿತು. ಹಂಪಿ, ಹೊಸಪೇಟೆ ಹೊಸ ಜಿಲ್ಲೆಗೆ ಬಂದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಯ ಹೆಸರು ನಂಬಿ ಕಂಪ್ಯೂಟರಿನಲ್ಲಿ ಹುಡುಕಿದರೆ ಅರ್ಧ ಇತಿಹಾಸ ಕಾಣೆ. ಅಕ್ಷಾಂಶ, ರೇಖಾಂಶದ ಜೊತೆಗೆ ಊರಿನ ಹಳೆಯ, ಹೊಸ ಹೆಸರುಗಳನ್ನೆಲ್ಲ ಒಟ್ಟಿಗೆ ಬರೆದಿಡುವುದೇ ಇದಕ್ಕೆ ಮದ್ದು.

ಕನ್ನಡಕ್ಕೆ ಇನ್ನೊಂದು ತಾಪತ್ರಯವಿದೆ. ಹಿಂದೆ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡ್ ಬಳಕೆ ಹಬ್ಬಿದ ಮೇಲೆ ಈ ಕಾಟ ತಗ್ಗಿತು. ಶಾಸನ ಪಾಠಕ್ಕೆಂದೇ 'ಎಪಿಡಾಕ್' ಎಂಬ ಮಾನಕವೂ ಇದೆ. ಕಲ್ಲಿನಲ್ಲಿ ಸವೆದ ಅಕ್ಷರ ಯಾವುದು, ಸಂಪಾದಕರು ತುಂಬಿದ್ದು ಯಾವುದು, ಸಂಶಯದ್ದು ಯಾವುದು ಎಂದು ಯಂತ್ರಕ್ಕೂ ತಿಳಿಯುವಂತೆ ಗುರುತು ಹಾಕುವ ಕ್ರಮವಿದು. ನಮ್ಮ ಶಾಸನ ವಿದ್ವಾಂಸರು ಕಂಸ ಹಾಕಿ ಮಾಡುತ್ತಿದ್ದುದೂ ಅದನ್ನೇ.

ಹಂಚಿಕೊಂಡರೆ ಏನು ದಕ್ಕುತ್ತದೆ ಎಂಬುದಕ್ಕೆ ನಿದರ್ಶನ ಬೇಕಿದ್ದರೆ, ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾದದ್ದನ್ನು ನೆನೆಯಬಹುದು. ಅದಕ್ಕಿಂತ ಕಣ್ಣಿಗೆ ಕಟ್ಟುವುದು ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯಲ್ಲಿ ತೆಗೆದ ಫೋಟೋಗಳು. ಮೇಣ ಲೇಪಿಸಿದ ಕಾಗದದ ಆ ನೆಗೆಟಿವ್‌ಗಳು ಬೆಳಕಿಗೆ ಬಂದದ್ದು 1980ರಲ್ಲಿ. 1983ರಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಕ್ಯಾಮೆರಾ ಹಿಡಿದರು. ಗ್ರೀನ್‌ಲಾ ಚಿತ್ರದಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಗೋಲಿಂಗ್ಸ್ ಚಿತ್ರದಲ್ಲಿ ಅದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೇಲಿನ ರಥಕ್ಕೂ ಅದಿಲ್ಲ.