ತವರಿಗೆ ಎಷ್ಟು ದೂರ?

ನಮ್ಮಜ್ಜಿಯ ತವರು ಶೃಂಗೇರಿ, ಕೊಟ್ಟ ಮನೆ ನರಸಿಂಹರಾಜಪುರ. ಯುವರಾಜರ ಹೆಸರು ಬಂದು ವರ್ಷಗಳೇ ಕಳೆದರೂ ಅಜ್ಜಿಯ ಬಾಯಲ್ಲಿ ಆ ಊರು ಕೊನೆಯತನಕ ಎಡೇಹಳ್ಳಿಯೇ. ನಡುವೆ ಕೊಪ್ಪ. ಇಡೀ ದಾರಿ ಐವತ್ತು ಕಿಲೋಮೀಟರಿನ ಆಸುಪಾಸು. ಈಗ ಬಸ್ಸಿಗೆ ಎರಡು ಗಂಟೆಯೂ ಬೇಡ. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಹಳಿಯ ಪುಟ್ಟ ರೈಲು ಓಡುತ್ತಿತ್ತು. ಆದರೆ ಶೃಂಗೇರಿ ಕಡೆಗೆ ಹೋಗುವವರಿಗೆ ಎತ್ತಿನ ಗಾಡಿಯೇ ಗತಿ. ತಾಯಿಗೆ ಜೋರಾಗಿದೆ ಎಂದು ಆಳು ಬಂದು ಹೇಳಿದಾಗ ಅಜ್ಜಿ ಮಳೆಯಲ್ಲೇ ಹೊರಟರಂತೆ. ರಾತ್ರಿ ಕೊಪ್ಪದಲ್ಲಿ ತಂಗಿ ಮರುದಿನ ಸಂಜೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಜ್ಜಿ ಈ ಕತೆಯನ್ನು ನಮ್ಮಮ್ಮನಿಗೆ ಎಷ್ಟು ಸಲ ಹೇಳಿದ್ದರೋ.

ನನ್ನ ಮಗಳು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನಡುವೆ ಎಲ್ಲೂ ಇಳಿಯದೆ ಏರ್ ಇಂಡಿಯಾ ವಿಮಾನ ಮೊದಲು ಹಾರಿದ್ದು 2021ರ ಜನವರಿ 9ರಂದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳಾಗಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲ ಹೆಂಗಸರೇ. ಸುಮಾರು 14,000 ಕಿಲೋಮೀಟರ್, 17 ಗಂಟೆ. ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಇಳಿಯಿತು. ಗಡಿಯಾರದ ಹದಿಮೂರೂವರೆ ಗಂಟೆಯ ಅಂತರ ಸೇರಿ ಭಾನುವಾರ ಆಕಾಶದಲ್ಲೇ ಕಳೆದುಹೋಯಿತು.

ಅದು ಬಂದದ್ದು ಉತ್ತರ ಧ್ರುವದ ಮೇಲೆ. ಇದೆಂಥ ಸುತ್ತು ಬಳಸು ಅನ್ನಿಸಬಹುದು. ಮಕ್ಕಳ ಗ್ಲೋಬಿನ ಮೇಲೆ ಹೂ ಕಟ್ಟುವ ದಾರವನ್ನು ಎರಡೂ ಊರಿಗೆ ಬಿಗಿಯಾಗಿ ಹಿಡಿದು ನೋಡಿ. ದಾರ ತಾನಾಗಿ ಧ್ರುವದ ಕಡೆಗೇ ಸರಿಯುತ್ತದೆ. ಭೂಮಿ ಗುಂಡಗಿರುವುದರಿಂದ ಅದೇ ಹತ್ತಿರದ ದಾರಿ.

2023ರ ಜನವರಿಯಲ್ಲಿ ಕೊಪ್ಪದಲ್ಲಿ ನಮ್ಮಮ್ಮ ಹಾಸಿಗೆ ಹಿಡಿದರು. ಸುದ್ದಿ ಮುಟ್ಟಿದ ರಾತ್ರಿಯೇ ಮಗಳು ಹೊರಟಳು. ಗಂಟೆಗೆ ಎಂಟುನೂರು ಕಿಲೋಮೀಟರ್ ಹಾರಿ ಬಂದವಳಿಗೆ ದೇವನಹಳ್ಳಿಯಿಂದ ಕೊಪ್ಪದ ಮುನ್ನೂರು ಚಿಲ್ಲರೆ ಕಿಲೋಮೀಟರಿಗೆ ಎಂಟು ಗಂಟೆ ಹಿಡಿಯಿತು. ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು ಆಮೇಲೆ, ಫೆಬ್ರವರಿ 27ರಂದು. ಬೆಂಗಳೂರಿನ ವಿಮಾನ ಶುರುವಾದದ್ದು ಆಗಸ್ಟ್ 31ಕ್ಕೆ. ಆ ಎಂಟು ಗಂಟೆ ನಾನು ಅಮ್ಮನ ಪಕ್ಕದಲ್ಲಿ ಕೂತು ನಿಮಿಷ ನಿಮಿಷ ಎಣಿಸಿದೆ. ಹದಿನೇಳು ಗಂಟೆಯಲ್ಲಿ ಇಷ್ಟು ಭಯವಾಗಿರಲಿಲ್ಲ.

ಮಗಳು ಕೈಕಾಲು ತೊಳೆದು ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. ಅಮ್ಮ ಕಣ್ಣು ಬಿಟ್ಟರು.

"ಯಾವಾಗ ಹೊರಟದ್ದು ಮಗಾ?"

"ದಾರಿಯಲ್ಲೇ ಒಂದು ದಿನ ಆಯ್ತು ಅಮ್ಮಮ್ಮ."

ಅಮ್ಮ ಅವಳ ಕೈ ಹಿಡಿದುಕೊಂಡರು. "ಎಡೇಹಳ್ಳಿಯಿಂದ ನಮ್ಮಮ್ಮನಿಗೆ ಎರಡು ದಿನ ಬೇಕಾಗಿತ್ತು. ನೀನು ಹತ್ತಿರವೇ ಇದ್ದೀಯ ಹಾಗಾದರೆ" ಅಂದರು.

ಮಗಳು ಕೊಟ್ಟ ನೀರನ್ನು ಅಮ್ಮ ಇನ್ನೂ ನಾಲ್ಕು ದಿನ ಕುಡಿದರು.