ದೃಶ್ಯಕ್ಕೂ ಒಂದು ಊರಿದೆ

2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತ ಮೇಲೆತ್ತಿದ್ದನ್ನು ನಾಡೇ ನೋಡಿತು. ಇಂಥ ದೃಶ್ಯದಿಂದ ಊರು, ದಿನಾಂಕಗಳನ್ನು ಕಳಚಿದರೆ ಅದು ಯಾವ ಸುಳ್ಳಿಗೂ ಸಾಕ್ಷಿಯಾದೀತು. ಹಾಗೆಂದು ಕತ್ತರಿಸಿ ಜೋಡಿಸುವುದೇ ತಪ್ಪಲ್ಲ; ಅನ್ಯರ ದೃಶ್ಯಗಳಿಂದ ಹೊಸ ಅರ್ಥ ಹೊಮ್ಮಿಸುವುದು ವಿಡಿಯೋ ಕಲೆಯ ಒಂದು ದಾರಿ. ಆದರೆ ಮೂಲ ಉಳಿಯಬೇಕು.

2008ರಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಮುಂಬೈಯ ಕ್ಯಾಂಪ್, ಮಜ್ಲಿಸ್ ಮೊದಲಾದ ಸಂಸ್ಥೆಗಳು ಕೂಡಿ ಅಂತರ್ಜಾಲದಲ್ಲಿ 'ಪ್ಯಾಡ್.ಮಾ' ಎಂಬ ವಿಡಿಯೋ ಭಂಡಾರ ತೆರೆದವು. ಅಲ್ಲಿ ಸಿದ್ಧ ಚಿತ್ರಕ್ಕಿಂತ ಕಚ್ಚಾ ಚಿತ್ರೀಕರಣಕ್ಕೇ ಹೆಚ್ಚು ಬೆಲೆ. ದೃಶ್ಯದ ಕ್ಷಣ ಕ್ಷಣಕ್ಕೂ ಮಾತಿನ ಬರಹ, ವಿವರಣೆ ಜೊತೆಗೇ ಸಾಗುತ್ತವೆ. ಅದರಿಂದ ಹೊಸದನ್ನು ಕಟ್ಟಬಹುದು, ಮೂಲದೊಡನೆ ಹೋಲಿಸಿ ಪರೀಕ್ಷಿಸಲೂಬಹುದು. ನಮ್ಮ ಹಳ್ಳಿಗಳ ದೃಶ್ಯಗಳಿಗೂ ಇಂಥದೊಂದು ಕಣಜ ಬೇಕಲ್ಲವೇ?